ಹತ್ತು ನಿಮಿಷ ಆರಲು ಬಿಡಿ

ಮೂರರ ನಂತರ ನಾಲ್ಕು ಬರಬೇಕಿತ್ತು, ಬರುತ್ತಿರಲಿಲ್ಲ. ಮೂರನೇ ಸಾಲಿನ ಕೊನೆಗೆ ಹೋಗಿ ಕೀಲಿ ಒತ್ತಿದಾಗೆಲ್ಲ ಪರದೆಯ ಮೇಲೆ ಮತ್ತೆ ಒಂದು ಎಂದೇ ಮೂಡುತ್ತಿತ್ತು. ಅವಳು ಅಳಿಸಿದಳು, ಒತ್ತಿದಳು. ಒಂದು. ಇನ್ನೊಮ್ಮೆ ಅಳಿಸಿ, ಈ ಸಲ ಮೆಲ್ಲಗೆ, ಮಗುವಿನ ತಲೆ ಸವರುವಂತೆ ಒತ್ತಿದಳು. ಆಗಲೂ ಒಂದೇ. ಅಷ್ಟರಲ್ಲಿ ಪರದೆ ಬೆಳ್ಳಗಾಗಿ, ತುಂಬ ಹೊತ್ತು ಕೆಲಸ ಮಾಡಿಲ್ಲವಾದ್ದರಿಂದ ಮತ್ತೆ ಗುಪ್ತಪದ ಕೊಡಿ ಎಂದಿತು.

"ಕೆಲಸ ಮಾಡಿಲ್ವಂತೆ!" ಎಂದಳು ಅವಳು, ಗೋಡೆಗೆ.

"ಯಾರು?" ಪಕ್ಕದ ಮೇಜಿನಿಂದ ಗಡಿಯಾರ ಕೇಳಿದಳು.

"ನಾನು. ಬೆಳಗ್ಗೆ ಎಂಟೂವರೆಯಿಂದ ಕೂತಿದೀನಿ, ಸುಮ್ನೆ ಕೂತಿದ್ದೆ ಅಂತ ಇದು ಹೇಳ್ತಿದೆ."

ಗಡಿಯಾರ ಎನ್ನುವುದು ಅಡ್ಡಹೆಸರು. ಬಳಕೆ ಪರೀಕ್ಷೆಯ ಕೋಣೆಯನ್ನು ನೋಡಿಕೊಳ್ಳುವವಳು ಅವಳು. ಜನ ಒಂದು ಯಂತ್ರವನ್ನು ಮೊದಲ ಸಲ ಮುಟ್ಟಿದಾಗ ಎಲ್ಲಿ ತಡವರಿಸುತ್ತಾರೆ, ಎಷ್ಟು ಸೆಕೆಂಡು ತಡವರಿಸುತ್ತಾರೆ ಎಂದು ಅಳೆದು ಬರೆದಿಡುವುದು ಅವಳ ಕೆಲಸ. ಚಹಾ ಕುಡಿಯಲು ಹೋದರೂ ಕೊರಳಲ್ಲಿ ಅಳತೆಯ ಗಡಿಯಾರ ನೇತಾಡುತ್ತಲೇ ಇರುತ್ತಿತ್ತು.

ನಮ್ಮವಳದು ಬರೆಯುವ ಕೆಲಸ. ರೋಗಿಗಳು ಬಳಸುವ ಯಂತ್ರಗಳ ಕೈಪಿಡಿ ಬರೆಯುತ್ತಿದ್ದಳು. ಹನ್ನೊಂದು ವರ್ಷ ಒಂದೇ ಸಾಫ್ಟ್‌ವೇರಿನಲ್ಲಿ ಬರೆದು, ಅದರ ಓರೆಕೋರೆಗಳೆಲ್ಲ ತನ್ನ ಮನೆಯ ಬಾಗಿಲಿನ ಚಿಲಕದಷ್ಟೇ ಗೊತ್ತಾಗಿಹೋಗಿದ್ದವು. ಅದು ಹಳೆಯದಾಯಿತು, ಬದಲಿಸಬೇಕು ಎಂದಾಗ ಅವಳು ಮೂಗು ಮುರಿಯಲಿಲ್ಲ. ಮೂರು ಹೊಸ ಸಾಫ್ಟ್‌ವೇರುಗಳನ್ನು ಹೋಲಿಸಿ ನಲವತ್ತೆರಡು ಸಾಲಿನ ಪಟ್ಟಿಯನ್ನೇ ಮಾಡಿದಳು. "ಬಳಸಲು ಸುಲಭವೇ?" ಎಂಬ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದಳು. ತಿಂಗಳೊಪ್ಪತ್ತು ಬಳಸಿ ನೋಡದೆ ಅದಕ್ಕೆ ಉತ್ತರ ಬರೆಯುವುದು ಹೇಗೆ? ಆ ಸಾಲು ತುಂಬುವ ಮುಂಚೆಯೇ ಮುಖ್ಯಸ್ಥರು ಎರಡನೆಯದನ್ನು ಕೊಂಡುಬಿಟ್ಟರು.

ಈಗ ಖಾಲಿ ಸಾಲಿನ ಬದಲು ಒಂದು ಕಾಗದ ಬಂದಿತ್ತು. "ಈ ಸಾಧನವನ್ನು ನಾವು ಬಳಸಿ ನೋಡಿದ್ದೇವೆ, ಸುಲಭವಾಗಿದೆ, ಒಪ್ಪಿದ್ದೇವೆ." ಕೆಳಗೆ ಐದು ಸಹಿಯ ಜಾಗ. ನಾಲ್ಕು ತುಂಬಿದ್ದವು. ಐದನೆಯದು ಬಿದ್ದರೆ ಹಳೆಯ ಸಾಫ್ಟ್‌ವೇರನ್ನು ಮುಚ್ಚಿ, ಮೂವತ್ತಾರು ಕೈಪಿಡಿಗಳನ್ನೂ ಹೊಸದಕ್ಕೆ ಸುರಿಯುತ್ತಾರೆ.

"ನಿಮ್ಮದೊಂದೇ ಬಾಕಿ ನೋಡಿ," ಎಂದು ಬೆಳಗ್ಗೆ ಮುಖ್ಯಸ್ಥರು ಅವಳ ಮೇಜಿಗೆ ಒರಗಿ ಹೇಳಿ ಹೋಗಿದ್ದರು. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮೇಲಕ್ಕೆ ಕಳಿಸ್ಬೇಕು. ಹೊಸದು ಕಷ್ಟ ಅನ್ನಿಸೋರಿಗೆ ಕಡತದ ಕೋಣೇಲಿ ಬೇರೆ ಕೆಲಸ ಇದೆ, ಬಲವಂತ ಏನಿಲ್ಲ." ನಗುನಗುತ್ತಲೇ ಹೇಳಿದ್ದರು. ಅದಕ್ಕೇ ಅದು ಇನ್ನೂ ಚುಚ್ಚುತ್ತಿತ್ತು.

ಹನ್ನೊಂದು ಗಂಟೆಗೆ ಪರೀಕ್ಷೆಯಿತ್ತು. ಹೊಸ ಸಾಫ್ಟ್‌ವೇರಿನಲ್ಲಿ ತಯಾರಾದ ಮೊದಲ ಕೈಪಿಡಿಯ ಕರಡು. ಮನೆಯಲ್ಲಿ ಬಳಸುವ ಉಸಿರಾಟದ ಯಂತ್ರದ್ದು. ಅದರಲ್ಲಿ ಒಂದು ನೀರಿನ ಡಬ್ಬಿ, ಅದರಡಿಯಲ್ಲಿ ನೀರು ಬಿಸಿಮಾಡುವ ತಟ್ಟೆ. ಪರೀಕ್ಷೆಗೆ ಬಂದಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಐವತ್ತರ ಆಸುಪಾಸು, ಸೆರಗಿನ ಅಂಚಿಗೆ ಚುಚ್ಚಿಕೊಂಡ ಎರಡು ಗುಂಡುಸೂಜಿಗಳನ್ನು ಮರೆತು ಹಾಗೇ ಬಂದಿದ್ದಳು. ಅಕ್ಕನಿಗೆ ಇಂಥದೇ ಯಂತ್ರ ಬೇಕೆಂದು ಡಾಕ್ಟರು ಹೇಳಿದ್ದಾರಂತೆ.

"ನಾವು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ಪುಸ್ತಕಾನ ಮಾಡ್ತಿದೀವಿ," ಎಂದು ಅವಳು ಎಂದಿನಂತೆ ಹೇಳಿದಳು. "ಮನಸ್ಸಿಗೆ ಬಂದಿದ್ದನ್ನ ಜೋರಾಗಿ ಹೇಳ್ತಾ ಮಾಡಿ. ನಾನು ಪಕ್ಕದಲ್ಲೇ ಇರ್ತೀನಿ, ಆದ್ರೆ ಏನು ಕೇಳಿದ್ರೂ ಮಾತಾಡಲ್ಲ. ಬೇಜಾರು ಮಾಡ್ಕೋಬೇಡಿ."

"ಗಂಡಸರ ಹಾಗೆ ಅನ್ನಿ," ಎಂದಳು ಹೊಲಿಗೆಯವಳು. ಗಾಜಿನಾಚೆ ಕೂತಿದ್ದ ಗಡಿಯಾರ ನಕ್ಕಿದ್ದು ಇಲ್ಲಿಗೂ ಕೇಳಿಸಿತು.

ಮಾತಾಡದಿರುವುದೇ ಆ ಕೋಣೆಯ ಕಟ್ಟುನಿಟ್ಟು. ಕೂತವರು ತಪ್ಪು ಗುಂಡಿ ಒತ್ತಲಿ, ಕೊಳವೆಯನ್ನು ತಲೆಕೆಳಗಾಗಿ ಹಿಡಿಯಲಿ, ಪಕ್ಕದಲ್ಲಿರುವವರು ಹುಬ್ಬು ಕೂಡ ಅಲ್ಲಾಡಿಸಬಾರದು. ಮನೆಯಲ್ಲಿ ಆ ಪುಸ್ತಕದ ಪಕ್ಕ ಬರೆದವಳು ಕೂತಿರುವುದಿಲ್ಲವಲ್ಲ.

ಹೊಲಿಗೆಯವಳು ಜಾಣೆ. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ, ಹಾಗೇ ಮಾಡಿದಳು. ಯಂತ್ರ ಹಚ್ಚಿದಳು, ಕೊಳವೆ ಸಿಕ್ಕಿಸಿದಳು. ಡಬ್ಬಿಗೆ ನೀರು ತುಂಬುವ ಪುಟ ಬಂತು. "ಮುಚ್ಚಳ ಎತ್ತಿ ಅಂತಿದೆ, ಎತ್ತಿದೆ. ಡಬ್ಬಿ ಎಳೆದು ತೆಗೀರಿ ಅಂತಿದೆ, ತೆಗ್ದೆ. ಕೆಳಗೆ ಏನಾದ್ರೂ ನೀರು ಸೋರಿದ್ಯಾ ನೋಡೋಣ," ಎನ್ನುತ್ತ ಅಂಗೈಯನ್ನು ನೇರವಾಗಿ ಬಿಸಿ ತಟ್ಟೆಯ ಮೇಲೆ ಊರಿದಳು.

ಬರೆದವಳ ಕಣ್ಣು ಆ ಕೈಯ ಮೇಲೇ ನೆಟ್ಟಿತು. ಪರೀಕ್ಷೆಗೆ ಇಟ್ಟ ಯಂತ್ರದ ತಟ್ಟೆಗೆ ವಿದ್ಯುತ್ ಕೊಟ್ಟಿರುವುದಿಲ್ಲ, ಅದು ತಣ್ಣಗಿತ್ತು. ನಿಜವಾದದ್ದಾಗಿದ್ದರೆ ಅಂಗೈ ಚರ್ಮ ಅಲ್ಲೇ ಉಳಿಯುತ್ತಿತ್ತು. ಡಬ್ಬಿ ತೆಗೆಯುವ ಮುಂಚೆ ಯಂತ್ರ ಆರಿಸಿ, ಹತ್ತು ನಿಮಿಷ ಆರಲು ಬಿಡಿ. ತಾನೇ ಬರೆದ ಸಾಲು. ಇವಳೇಕೆ ಓದಲಿಲ್ಲ? ಬರೆದವಳು ಮೇಜಿನಡಿ ಎರಡೂ ಕೈ ಹಿಸುಕಿಕೊಂಡು, ತುಟಿ ಬಿಚ್ಚದೆ ಕೂತಳು.

ಮುಗಿದ ಮೇಲೆ ಕೇಳಿದಳು, "ತಟ್ಟೆ ಬಿಸಿ ಇರುತ್ತೆ ಅಂತ ಎಲ್ಲಾದ್ರೂ ಓದಿದ್ರಾ?"

ಹೊಲಿಗೆಯವಳ ಮುಖ ಸಣ್ಣಗಾಯಿತು. "ಬಿಸಿ ಇರುತ್ತಾ? ಅಯ್ಯೋ, ನಾನೇ ಎಲ್ಲೋ ಬಿಟ್ಟೆ ಅಮ್ಮಾ. ಓದಿದ್ದು ಎಂಟನೇ ಕ್ಲಾಸು, ಕಣ್ಣು ಬೇರೆ ಮಂಜು. ನನ್ನದೇ ತಪ್ಪು."

ಅವಳು ಪುಸ್ತಕ ಎಳೆದುಕೊಂಡು ನೋಡಿದಳು. ಮೂರು, ಮುಚ್ಚಳ ಎತ್ತಿ. ನಾಲ್ಕು, ಡಬ್ಬಿಯನ್ನು ಎಳೆದು ತೆಗೆಯಿರಿ. ಅಂಕಿಗಳು ಸಾಲಾಗಿ, ಮುದ್ದಾಗಿ ಕೂತಿದ್ದವು. ನಡುವಿನ ಸಾಲು ಇರಲೇ ಇಲ್ಲ. ಇತ್ತು ಎಂಬ ಗುರುತೂ ಇರಲಿಲ್ಲ.

"ತಪ್ಪು ನಿಮ್ಮದಲ್ಲ. ಆ ಮಾತು ಇದ್ರಲ್ಲಿ ಇಲ್ವೇ ಇಲ್ಲ."

"ಇಲ್ವಾ?" ಹೊಲಿಗೆಯವಳು ನಂಬದೆ ಪುಟದ ಮೇಲೆ ಮತ್ತೆ ಬೆರಳಾಡಿಸಿದಳು. ಆಮೇಲೆ ಉಸಿರು ಬಿಟ್ಟು ಹೇಳಿದಳು, "ನನ್ನ ಟೇಪಲ್ಲಿ ಒಂದು ಗೆರೆ ಅಳಿಸಿಹೋದ್ರೆ ನಾನು ಆ ಟೇಪನ್ನ ಅವತ್ತೇ ಬಿಸಾಕ್ತೀನಿ. ಅದರಲ್ಲಿ ಅಳೆದ್ರೆ ರವಿಕೆ ಕೆಡುತ್ತೆ, ಬೈಸ್ಕೊಳ್ಳೋದು ನನ್ನ ಕೈ."

ಅವಳನ್ನು ಕಳಿಸಿಕೊಟ್ಟು ಬಂದು ಪರದೆ ತೆರೆದಳು. ಪರದೆಯಲ್ಲಿ ಆ ಸಾಲು ಇತ್ತು, ದಪ್ಪ ಅಕ್ಷರದಲ್ಲಿ. ಹೊಸ ಸಾಫ್ಟ್‌ವೇರಿನ ತರಬೇತಿ ಕೊಟ್ಟವನಿಗೆ ಫೋನ್ ಹಚ್ಚಿದಳು.

"ಅದು ದೋಷ ಅಲ್ಲ ಮೇಡಂ, ಸೌಲಭ್ಯ," ಎಂದ ಅವನು, ಹಬೆಯಾಡುವ ಏನನ್ನೋ ಊದಿ ಕುಡಿಯುತ್ತ. "ಆ ಸಾಲಿನ ತುಂಡಿಗೆ ಯಾರೋ 'ಆಸ್ಪತ್ರೆಗೆ ಮಾತ್ರ' ಅಂತ ಗುರುತು ಹಾಕಿದಾರೆ. ಮನೆ ಪುಸ್ತಕ ಅಚ್ಚು ತೆಗೆಯೋವಾಗ ಅದು ತಾನಾಗೇ ಬಿಟ್ಟುಹೋಗುತ್ತೆ."

"ನಾನು ಗುರುತು ಹಾಕಿದ್ದು ಆಸ್ಪತ್ರೆ ಪುಸ್ತಕದಲ್ಲಿ. ಇದು ಮನೆ ಪುಸ್ತಕ."

"ಎರಡಕ್ಕೂ ಒಂದೇ ತುಂಡಲ್ವಾ ಮೇಡಂ? ಬೇರೆ ಬೇರೆ ಪ್ರತಿ ಇರಲ್ಲ. ಅದೇ ಇದರ ಚೆಂದ, ಒಂದು ಕಡೆ ಮುಟ್ಟಿದ್ರೆ ಎಲ್ಲಾ ಕಡೆ ಬದಲಾಗುತ್ತೆ. ಗುರುತು ಇದ್ರೆ ಪಕ್ಕದಲ್ಲಿ ಬೂದು ಗೆರೆ ತೋರಿಸುತ್ತಲ್ಲ, ನೋಡಿಲ್ವಾ?"

ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಅಂಚಿನಲ್ಲಿ, ಬಿಳಿಯ ಮೇಲೆ, ಉದುರಿದ ನರೆಗೂದಲಿನಂಥ ಒಂದು ಗೆರೆ.

"ಅಭ್ಯಾಸ ಆಗುತ್ತೆ ಬಿಡಿ ಮೇಡಂ."

ಅವಳು ಫೋನ್ ಇಟ್ಟಳು. ಹೌದು, ಗುರುತು ಹಾಕಿದ್ದು ತಾನೇ, ಕಳೆದ ಮಂಗಳವಾರ. ಆಸ್ಪತ್ರೆಯ ಪುಸ್ತಕದಲ್ಲಿ ಮಾತ್ರ ಬದಲಾಗುತ್ತದೆ ಎಂದುಕೊಂಡು. ಹಳೆಯದರಲ್ಲಾಗಿದ್ದರೆ ಅಚ್ಚು ತೆಗೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾಳೆ ಹಾಳೆಯನ್ನೂ ಓದುತ್ತಿದ್ದಳು. ಇದರಲ್ಲಿ ಪರದೆಯ ಮೇಲೆ ಓದಿದರೆ ಸಾಕು ಎಂದು ಹೇಳಿಕೊಟ್ಟಿದ್ದರು. ಓದಿದ್ದಳು. ನಾನು ಮುದುಕಿಯಾದೆ, ಕಣ್ಣು ಹೋಯಿತು, ತಲೆಗೆ ಹೊಸದು ಹತ್ತುವುದಿಲ್ಲ ಎಂದು ಮನಸ್ಸು ತನ್ನಷ್ಟಕ್ಕೇ ಶುರುಮಾಡಿತು.

ಮುಖ್ಯಸ್ಥರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕೇಳಿದರು.

"ಗುರುತು ಹಾಕಿದ್ಯಾರು?"

"ನಾನೇ ಸರ್."

"ಹಾಗಾದ್ರೆ ಸಾಫ್ಟ್‌ವೇರ್ ತಪ್ಪಲ್ಲ."

"ಸರ್, ಅದು ಕಾಣೋ ಹಾಗೆ ಇರ್ಲಿಲ್ಲ. ನಾನಲ್ದೆ ಬೇರೆ ಯಾರು ಕೂತಿದ್ರೂ..."

"ಬೇರೆ ನಾಲ್ಕು ಜನ ಕೂತಿದಾರಮ್ಮ, ಸಹಿ ಹಾಕಿದಾರೆ. ಪುಸ್ತಕ ಅಚ್ಚಿಗೆ ಹೋಗೋದು ಮುಂದಿನ ವಾರ. ಗುರುತು ತೆಗೆದ್ರೆ ಆಯ್ತಪ್ಪ. ಇಷ್ಟು ಸಣ್ಣದಕ್ಕೆ ಹೆದರಿದ್ರೆ ಹೇಗೆ?"

ಅವಳು ಕೋಣೆಯಿಂದ ಹೊರಗೆ ಬಂದಳು. ತನ್ನ ತಪ್ಪು ಎಂದು ಒಪ್ಪಿಕೊಂಡ ಮೇಲೆ ಇನ್ನೊಂದು ಮಾತು ಆಡುವುದು ಎಲ್ಲಿಂದ?

ಮೇಜಿಗೆ ಬಂದು ಗಡಿಯಾರಳನ್ನು ಕೇಳಿದಳು, "ನೀನು ಯಾಕೆ ಹಾಕ್ದೆ ಸಹಿ? ನೀನು ಅದನ್ನ ತೆರೆದು ಕೂಡ ನೋಡಿಲ್ಲ."

"ಹಾಕು ಅಂದ್ರು, ಹಾಕ್ದೆ. ಹನ್ನೊಂದು ಸೆಕೆಂಡು ಹಿಡೀತು," ಎಂದಳು ಗಡಿಯಾರ. ಆಮೇಲೆ ತಲೆ ತಗ್ಗಿಸಿ, "ಕಡತದ ಕೋಣೆಗೆ ಕಿಟಕಿನೂ ಇಲ್ಲ ಕಣೆ," ಎಂದಳು.

ಗುರುತು ತೆಗೆಯಲು ಕೂತಳು. ಪೂರ್ತಿ ಪುಸ್ತಕವನ್ನು ಅಚ್ಚು ತೆಗೆದು, ಬಲಕ್ಕೆ ಕಾಗದ, ಎಡಕ್ಕೆ ಪರದೆ ಇಟ್ಟುಕೊಂಡು, ಸ್ಕೇಲಿನಿಂದ ಸಾಲು ಮುಚ್ಚುತ್ತ ಹೋಲಿಸತೊಡಗಿದಳು. ಸಂಜೆ ಐದರ ಹೊತ್ತಿಗೆ ಹೀಗೇ ಬಿಟ್ಟುಹೋದ ಇನ್ನೆರಡು ಎಚ್ಚರಿಕೆಯ ಸಾಲುಗಳು ಸಿಕ್ಕವು. ಇವಕ್ಕೆ ಗುರುತು ಹಾಕಿದ್ದು ಅವಳಲ್ಲ. ಸಹಿ ಹಾಕಿದ ನಾಲ್ವರಲ್ಲೇ ಯಾರೋ ಬೇರೆ ಪುಸ್ತಕದಲ್ಲಿ ಹಾಕಿದ್ದು, ಇಲ್ಲಿಗೆ ತಾನಾಗೇ ಬಂದು ಕೂತಿತ್ತು. ತಾನು ಹಾಕಿದ್ದ ಮೊದಲಿನ ಗುರುತನ್ನು ತೆಗೆದಳು. ಉಳಿದೆರಡರ ಮುಂದೆ ಕೈ ನಿಂತಿತು. ಏಕೆಂದು ಅವಳಿಗೂ ತಿಳಿಯಲಿಲ್ಲ. ಪುಟದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟಳು.

ಮನೆಯಲ್ಲಿ ಗಂಡ ಸೋಫಾದಲ್ಲಿ ಕೂತು ಫೋನಿನ ಜೊತೆ ಗುದ್ದಾಡುತ್ತಿದ್ದ.

"ಸಹಿ ಹಾಕಿದ್ಯಾ?"

"ಇಲ್ಲ."

"ಹಾಕಿಬಿಡೇ. ಎಲ್ಲರೂ ಹಾಕಿರೋವಾಗ ನಿಂದೊಂದು ಏನು ರಾಮಾಯಣ? ಕಲಿತ್ರೆ ಬರುತ್ತೆ. ನಾನು ಹೊಸ ಫೋನ್ ಕಲಿತಿಲ್ವಾ?"

"ನೀವು ಕಲಿತಿದ್ದಲ್ಲ. ದಿನಾ ನಾನು ತೋರಿಸಿಕೊಡ್ತಿರೋದು."

"ಅದೇ ಅಂದೆ," ಎಂದ ಗಂಡ, ಮುಖದಲ್ಲಿ ನಾಚಿಕೆಯಿಲ್ಲದೆ. "ಈ ಫೋಟೋ ನಿನ್ನ ನಾದಿನಿಗೆ ಕಳಿಸೋದು ಹೇಗೆ ಹೇಳು ಸ್ವಲ್ಪ."

ಕಳಿಸಿಕೊಟ್ಟು ಅಡುಗೆಮನೆಗೆ ಹೋದಳು. ಬೇಳೆ ಡಬ್ಬಿ ಮೇಲಿನ ಕಪಾಟಿನಲ್ಲಿತ್ತು. ಕಾಲಿನಿಂದ ಸ್ಟೂಲನ್ನು ಎಳೆದು, ಹತ್ತಿ, ಡಬ್ಬಿ ತೆಗೆದು ಇಳಿದಳು. ಇಳಿದವಳು ಸ್ಟೂಲನ್ನೇ ನೋಡುತ್ತ ನಿಂತಳು. ಕಪಾಟು ಹೊಡೆಸಿದವನು ಆರಡಿಯ ಮೈದುನ, ತನ್ನ ಕೈಗೆ ಎಟಕುವ ಎತ್ತರಕ್ಕೆ ಹೊಡೆಸಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಈ ಸ್ಟೂಲನ್ನು ತಂದಿಟ್ಟು, "ನೀನು ಸ್ವಲ್ಪ ಕುಳ್ಳಿ ನೋಡು," ಎಂದಿದ್ದರು, ಅಕ್ಕರೆಯಿಂದಲೇ. ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಹತ್ತಿ ಇಳಿದಿದ್ದಾಳೆ. ತಾನು ಕುಳ್ಳಿ ಎಂದುಕೊಂಡೇ ಹತ್ತಿದ್ದಾಳೆ. ಈ ಮನೆಯಲ್ಲಿ ಅಡುಗೆ ಮಾಡುವವಳಿಗಿಂತ ಕಪಾಟು ಎತ್ತರವಾಯಿತು ಎಂದು ಒಂದು ದಿನವೂ, ಊರ ಜನರ ತಡವರಿಕೆಯನ್ನೆಲ್ಲ ಪಕ್ಕದಲ್ಲಿ ಕೂತು ನೋಡುವ ಅವಳಿಗೇ, ಹೊಳೆದಿರಲಿಲ್ಲ.

ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಬೇಳೆಯನ್ನು ಮೂರು ಸಲ ತೊಳೆದಳು. ನಾಲ್ಕನೆಯ ಸಲ ನೀರು ಬಿಡುವಾಗ ಹೊಲಿಗೆಯವಳ ಸಣ್ಣಗಾದ ಮುಖ ನೆನಪಾಯಿತು. ಮುಖ್ಯಸ್ಥರ ಮುಂದೆ ನಾನೇ ಸರ್ ಎಂದಾಗ ತನ್ನ ಮುಖವೂ ಹಾಗೇ ಇದ್ದಿರಬೇಕು.

ನಾಳೆ ಬೆಳಗ್ಗೆ ಹತ್ತಕ್ಕೆ ಪರೀಕ್ಷೆಗೆ ಬರಬೇಕಿದ್ದವರು ಬರುವುದಿಲ್ಲವೆಂದು ಗಡಿಯಾರ ಹೇಳಿದ್ದಳು. ಕೋಣೆ ಖಾಲಿ.

ಅವಳು ನಲ್ಲಿ ನಿಲ್ಲಿಸಿದಳು. ಪರೀಕ್ಷೆಗೆ ಕೂತವರಿಗೆ ಕೊಡುವ ಚೀಟಿ ತಲೆಯೊಳಗೆ ತಾನೇ ಬರೆದುಕೊಳ್ಳತೊಡಗಿತು. ಮನೆ ಬಳಕೆಯ ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗಬೇಕು. ಅದರಿಂದ ಬಿಟ್ಟುಹೋಗಿರುವ ಎಚ್ಚರಿಕೆಯ ಮಾತುಗಳನ್ನು ಈ ಸಾಫ್ಟ್‌ವೇರಿನಲ್ಲಿ ಹುಡುಕಿ ತೋರಿಸಿ. ಮನಸ್ಸಿಗೆ ಬಂದಿದ್ದನ್ನು ಜೋರಾಗಿ ಹೇಳುತ್ತ ಮಾಡಿ. ಕುರ್ಚಿಯಲ್ಲಿ ಮುಖ್ಯಸ್ಥರು. ಗಾಜಿನಾಚೆ ಗಡಿಯಾರ. ಪಕ್ಕದಲ್ಲಿ ತಾನು, ತುಟಿ ಬಿಚ್ಚದೆ. ಅವರು ಪರದೆಗೆ ಬಾಗಲಿ, ಕನ್ನಡಕ ತೆಗೆದು ಒರೆಸಲಿ, ಇವಳ ಮುಖ ನೋಡಲಿ. ಹುಬ್ಬು ಕೂಡ ಅಲ್ಲಾಡಬಾರದು. ಇಪ್ಪತ್ತು ನಿಮಿಷ. ಯಾರ ಸಹಾಯವೂ ಇಲ್ಲದೆ ಎರಡನ್ನೂ ಹುಡುಕಿಬಿಟ್ಟರೆ ಅಲ್ಲೇ, ಅವರೆದುರೇ ಸಹಿ ಹಾಕುತ್ತಾಳೆ. ಅಷ್ಟು ನ್ಯಾಯ ಆ ಸಾಫ್ಟ್‌ವೇರಿಗೂ ಸಲ್ಲಬೇಕು. ಸಿಗದಿದ್ದರೆ ಹಾಕುವುದಿಲ್ಲ. ಕಡತದ ಕೋಣೆಗೆ ಹೋಗಬೇಕಾಗಿ ಬಂದರೂ ಸರಿ.

"ಬೇಳೆ ಬೆಂದಿಲ್ವಾ ಇನ್ನೂ?" ಹೊರಗಿನಿಂದ ಗಂಡ ಕೇಳಿದ. "ಏನು ಯೋಚನೆ ಮಾಡ್ತಿದೀಯ?"

"ಏನಿಲ್ಲ," ಎಂದು ಅವಳು ಒಲೆ ಹಚ್ಚಿದಳು.