ಹಲ್ಲಿನ ಡಾಕ್ಟರು ತೆರೆದ ಪುಸ್ತಕ

ಯಾವ ಪುಸ್ತಕವನ್ನು ಬಿಚ್ಚುವ ಮುನ್ನವೂ ನಮ್ಮ ಹಲ್ಲಿನ ಡಾಕ್ಟರು ಅದಕ್ಕೆ ಮೆಲುದನಿಯಲ್ಲಿ, "ಸ್ವಲ್ಪ ಬಾಯಿ ತೆಗೀರಿ, ನೋವಾಗಲ್ಲ" ಎನ್ನುತ್ತಾರೆ. ತಮಾಷೆಗೆ ಹೇಳುವ ಮಾತಲ್ಲ. ಆಯುಷ್ಯವೆಲ್ಲ ಪರರ ಬಾಯೊಳಗೆ ಇಣುಕಿ ಬೆನ್ನಿಗೆ ಬಂದ ಬಾಗು ನಾಲಗೆಗೂ ಬಂದಿರಬೇಕು. ನಿವೃತ್ತರಾದ ಮೇಲೂ ಅವರು ಬಿಳಿಕೋಟನ್ನು ಬಿಡಲಿಲ್ಲ, ಕ್ಲಿನಿಕ್ಕನ್ನೂ ಬಿಡಲಿಲ್ಲ. ರೋಗಿಗಳು ಮಾತ್ರ ಬದಲಾದರು. ದವಡೆಗಳಿಗೆ ಬೆಳಕು ಚೆಲ್ಲುತ್ತಿದ್ದ ಉದ್ದ ತೋಳಿನ ದೀಪ ಈಗ ಹಳದಿಗಟ್ಟಿದ ಪುಟಗಳ ಮೇಲೆ ಬಾಗಿರುತ್ತದೆ, ಅದರ ಪಕ್ಕದಲ್ಲೊಂದು ಕ್ಯಾಮೆರಾ. ಅಲ್ಲಿ ಚಿತ್ರ ತೆಗೆದ ಪುಟಗಳು ಅವರ ಜಾಲತಾಣ ಸೇರಿ, ಎಲ್ಲೋ ಕೂತ ಯಾರಿಗಾದರೂ ಪುಕ್ಕಟೆಯಾಗಿ ಸಿಗುತ್ತವೆ. ರೋಗಿಗಳ ಕುರ್ಚಿ ಇನ್ನೂ ಅಲ್ಲೇ ಇದೆ. ಹೋದಾಗಲೆಲ್ಲ ನಾನು ಒರಗುವುದು ಅದರಲ್ಲೇ.

ಅವರ ಹಟಗಳು ಒಂದೆರಡಲ್ಲ. ಪುಸ್ತಕದ ಬೆನ್ನು ಕತ್ತರಿಸಿ ಹಾಳೆ ಬಿಡಿಸಿದರೆ ಕೆಲಸ ಸಲೀಸು ಎಂದು ಯಾರಾದರೂ ಸಲಹೆ ಕೊಟ್ಟರೆ, ಮುಖ ಸಿಂಡರಿಸಿ ಕೈ ತೊಳೆಯಲು ಎದ್ದುಹೋಗುತ್ತಾರೆ. ಕತ್ತರಿಸುವುದಿರಲಿ, ಪೂರ್ತಿ ಅಗಲಿಸುವುದೂ ಇಲ್ಲ. ಅರೆತೆರೆದ ಪುಸ್ತಕವನ್ನು ಬೆರಳ ತುದಿಯಲ್ಲಿ ಹಿಡಿದು, ಉಸಿರು ಕಟ್ಟಿ ಚಿತ್ರ ತೆಗೆಯುತ್ತಾರೆ. ಬರೆದವರ ಮನೆಯವರು ಒಪ್ಪದೆ ಒಂದು ಪುಟವನ್ನೂ ಹೊರಗೆ ಬಿಡುವವರಲ್ಲ.

ಈ ಕೊನೆಯ ಹಟಕ್ಕೆ ನಿಜವಾದ ಪರೀಕ್ಷೆ ಬಂದದ್ದು ಒಬ್ಬ ಮೇಷ್ಟರ ಪುಸ್ತಕದಿಂದ. ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯಿಂದ ಮಾತು, ಓದು ಕಲಿಸುವ ಬಗೆಯನ್ನು ಚಿತ್ರಗಳೊಡನೆ ವಿವರಿಸಿದ ಉದ್ಗ್ರಂಥವದು. ಮೇಷ್ಟರು ತೀರಿಹೋಗಿದ್ದರು, ಉಳಿದಿದ್ದ ಒಂದೇ ಪ್ರತಿ ಅವರ ಹೆಂಡತಿಯ ಬೀರುವಿನಲ್ಲಿತ್ತು. ಗೆದ್ದಲು ಹಿಡಿದೀತೆಂಬ ಭಯಕ್ಕೆ ಚಿತ್ರ ತೆಗೆಯಲು ಆಕೆ ಒಪ್ಪಿದರು, ಆದರೆ ಷರತ್ತು ಹಾಕಿದರು: "ನಿಮ್ಮ ರೂಮಿಗೆ ಬಂದು ನೋಡೋರು ನೋಡ್ಲಿ. ಊರಿಗೆಲ್ಲ ಹಂಚಬೇಡಿ. ಅವರು ಬದುಕಿದ್ದಾಗ ಆ ಪುಸ್ತಕ ಒಬ್ಬರಿಗೂ ಬೇಡವಾಗಿತ್ತು. ಈಗ ಬಿಟ್ಟಿ ಸಿಗುತ್ತೆ ಅಂತ ಬರ್ತಾರೆ."

ಜಾಲತಾಣದಲ್ಲಿ ಪುಸ್ತಕದ ಹೆಸರಷ್ಟೇ ಕಂಡು, ದೂರದೂರಿನ ತಾಯಿಯೊಬ್ಬಳು ಫೋನ್ ಮಾಡಿದಳು. ಅವಳ ಮಗಳಿಗೆ ಕಿವಿ ಕೇಳಿಸದು, ಹತ್ತಿರದಲ್ಲಿ ಕಲಿಸುವವರಿಲ್ಲ. ಪುಟಗಳನ್ನು ಕಳಿಸುವ ಹಾಗಿಲ್ಲ, ಇಲ್ಲಿಗೇ ಬಂದು ನೋಡಿ ಎಂದುಬಿಟ್ಟರು ಡಾಕ್ಟರು. ನನಗೆ ಮೈಯೆಲ್ಲ ಉರಿಯಿತು. "ಒಂದು ಗುಂಡಿ ಒತ್ತಿದ್ರೆ ಮುಗೀತಲ್ಲ ಡಾಕ್ಟ್ರೇ, ಮೇಷ್ಟ್ರ ಹೆಂಡತಿಗೆ ಗೊತ್ತಾಗೋದಾದರೂ ಹೇಗೆ?" ಎಂದೆ.

"ಮರಗಟ್ಟೋ ಇಂಜೆಕ್ಷನ್ ಕೊಟ್ಟಾಗಿದೆ, ಗೊತ್ತಾಗಲ್ಲ ಅಂತ ಕೇಳದೇ ಹಲ್ಲು ಕೀಳ್ತಾರೇನ್ರೀ?" ಎಂದರು ಡಾಕ್ಟರು.

ಕೊನೆಗೆ ತಾಯಿಯೇ ಮಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು. ಬೆಳಗಿನಿಂದ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಸನ್ನೆ ಕಲಿತರು. ಸಂಜೆ ಡಾಕ್ಟರು, "ಆ ಅಮ್ಮನಿಗೊಂದು ನಮಸ್ಕಾರ ಹೇಳಿ ಹೋಗಿ" ಎಂದು ಅವರನ್ನು ಮೇಷ್ಟರ ಮನೆಗೆ ಕರೆದೊಯ್ದರು. ನಾನೂ ಜೊತೆಗೆ ಹೊರಟೆ.

ಆಕೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ಮಗು ಆಕೆಯತ್ತ ನೋಡಿ ಕೈಯೆತ್ತಿ, ಅಂದು ಕಲಿತ 'ಅಜ್ಜಿ' ಎಂಬ ಸನ್ನೆ ಮಾಡಿತು. ಆಕೆ ಹುಬ್ಬು ಗಂಟಿಕ್ಕಿದರು. ಬಗ್ಗಿ, ಆ ಪುಟ್ಟ ಮುಷ್ಟಿಯಲ್ಲಿ ಮಡಿಚಿದ್ದ ಹೆಬ್ಬೆರಳನ್ನು ಬಿಡಿಸಿ ಹೊರಗೆ ನಿಲ್ಲಿಸಿದರು.

"ಹೆಬ್ಬೆರಳು ಮಡಿಚೋದು ಅಂತ ಯಾರು ಹೇಳಿಕೊಟ್ಟಿದ್ದು?"

"ಪುಸ್ತಕದಲ್ಲಿ ಹಾಗೇ ಇತ್ತಮ್ಮ" ಎಂದಳು ತಾಯಿ.

"ಪುಸ್ತಕದಲ್ಲಿ ಹಾಗಿಲ್ಲ. ಅದರಲ್ಲಿರೋ ಕೈ ನಂದೇ. ಗಂಟೆಗಟ್ಟಲೆ ನನ್ನನ್ನ ಕೂರಿಸಿಕೊಂಡು ಚಿತ್ರ ಬರೀತಿದ್ರು."

ಡಾಕ್ಟರು ತಲೆಯ ಮೇಲೆ ಕೈಹೊತ್ತರು. ಬೆನ್ನಿಗೆ ನೋವಾಗದಿರಲೆಂದು ಅರೆ ತೆರೆದು ಹಿಡಿದ ಪುಸ್ತಕದಲ್ಲಿ, ಹೊಲಿಗೆಯ ಪಕ್ಕದ ನೆರಳು ಹೆಬ್ಬೆರಳುಗಳನ್ನು ನುಂಗಿತ್ತು. "ತಪ್ಪು ನಂದಮ್ಮ. ಮೇಷ್ಟ್ರದ್ದಲ್ಲ" ಎಂದರು.

ಆಕೆ ಒಳಗೆ ಹೋಗಿ ಪುಸ್ತಕ ತಂದರು. ಎಲ್ಲರನ್ನೂ ಕೂರಿಸಿ, ಮಗುವಿನೆದುರು ಅದನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈಗಳಿಂದ ಅದುಮಿ ಅಗಲಿಸಿದರು. ಹೊಲಿಗೆ ಲಟಕ್ಕೆಂದಿತು. ಡಾಕ್ಟರ ಮುಖ ನೋಡಬೇಕಿತ್ತು, ಕಿತ್ತದ್ದು ಅವರದೇ ದವಡೆ ಹಲ್ಲೆಂಬಂತೆ.

"ಮುರಿದ್ರೆ ಮುರೀಲಿ ಡಾಕ್ಟ್ರೇ. ನಾಳೆ ಬಂದು ಸರಿಯಾಗಿ ತೆಗೀರಿ, ಎಲ್ಲರಿಗೂ ಕಾಣೋ ಹಾಗೆ ಹಾಕಿ. ಅವರ ಹೆಸರಲ್ಲಿ ಒಂದು ಮಗುವೂ ತಪ್ಪು ಕಲೀಬಾರದು."

ಜ್ಞಾನ ಎಲ್ಲರ ಸೊತ್ತು ಎಂದು ವೇದಿಕೆಯ ಮೇಲೆ ಗುಡುಗುವವರಿಗೆ ಬರವಿಲ್ಲ, ನಾನೂ ಗುಡುಗಿದ್ದೇನೆ. ಇಂಥ ಕೆಲವರು ಮಾತ್ರ, ಕೀಲಿಕೈ ತಮ್ಮ ಜೇಬಿನಲ್ಲೇ ಇದ್ದರೂ, ಕೊಡುವವರ ಮನಸ್ಸು ಬರುವವರೆಗೆ ಹೊಸಿಲಾಚೆ ಕಾದು ನಿಲ್ಲುತ್ತಾರೆ. ಆ ಕಾಯುವಿಕೆಯನ್ನು ಹೇಡಿತನವೆಂದು ನಾನು ಬಗೆದಿದ್ದೆ. ಕದ್ದು ಹಂಚಿದ್ದರೆ ಲೋಕಕ್ಕೆ ಒಂದು ಪುಸ್ತಕ ದಕ್ಕುತ್ತಿತ್ತು, ಹೆಬ್ಬೆರಳಿಲ್ಲದ್ದು. ಅವರು ಕಾದದ್ದರಿಂದ ಅದರ ಜೊತೆಗೆ ಆ ಕೈಯೂ ದಕ್ಕಿತು.