ಎಡಗಡೆಯ ಸೀಟು

ನಂದಾ ಕಾರಿನೊಳಗೆ ಮಂಡಿಯೂರಿ ಕೂತು, ತಳಕ್ಕೆ ಅಂಟಿದ್ದ ಡಾಂಬರಿನ ಹಾಳೆಯನ್ನು ಅಗಲ ಉಳಿಯಿಂದ ಕೆರೆಯುತ್ತಿದ್ದಳು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಒಂದು ಕಡೆ ತೊಯ್ಯಿಸುವುದು, ಸ್ವಲ್ಪ ಕಾಯುವುದು, ಆಮೇಲೆ ಉಳಿ ತೂರಿಸುವುದು. ಎದ್ದು ಬಂದ ಕರಿ ಚಕ್ಕೆಗಳೆಲ್ಲ ಬುಟ್ಟಿಗೆ. ಹೊರಗೆ ಗಂಡ ಗುರುಸಿದ್ದ ಬಾಗಿಲಿನ ಗಾಜು ಬಿಚ್ಚುತ್ತಿದ್ದ. ಇಬ್ಬರ ನಡುವೆ ಒಂದು ಮೊಳದ ಅಂತರ. ಮುಂಜಾನೆಯಿಂದ ಒಂದು ಮಾತೂ ಆಗಿರಲಿಲ್ಲ.

ಬುಟ್ಟಿ ತುಂಬಿದಾಗ ಅವನು ತಲೆ ಎತ್ತಿದ. "ಎಷ್ಟ ಆತು?"

ನಂದಾ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಒಮ್ಮೆ ಮೆಲ್ಲಗೆ ತೂಗಿದಳು. "ನಾಕೂವರಿ. ಬುಟ್ಟಿ ಬಿಟ್ಟು."

ಅವನು ಸೀಮೆಸುಣ್ಣದಿಂದ ಗೋಡೆಯ ಮೇಲೆ ನಾಲ್ಕೂವರೆ ಎಂದು ಬರೆದ. ಮತ್ತೆ ತೂಗಿ ನೋಡಲಿಲ್ಲ.

ಅವಳ ಕೈಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಏಳನೇ ತರಗತಿ ಮುಗಿದ ಮೇಲೆ ಸಾಲೆ ಬಿಟ್ಟವಳು ಅವಳು. ಡಫಳಾಪುರದ ತವರಿನಲ್ಲಿದ್ದಾಗ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಏಳು ವರ್ಷ ಪೆಟ್ಟಿಗೆ ತುಂಬಿದ್ದಳು. ಅಲ್ಲಿ ತೂಗುವ ಕಾಟಾ ಒಂದೇ, ಹೆಂಗಸರು ನಲವತ್ತು ಮಂದಿ. ಕಾಟಾದ ಮುಂದೆ ಸಾಲು ಹಚ್ಚಿ ನಿಂತರೆ ಹೊತ್ತು ಹೋಗುತ್ತಿತ್ತು. ಅದಕ್ಕೇ ಎಲ್ಲರೂ ಕೈಯಲ್ಲೇ ತೂಗುವುದನ್ನು ಕಲಿತಿದ್ದರು, ಡಬ್ಬಿಯ ತೂಕವನ್ನು ಬಿಟ್ಟು ಹೇಳುವುದನ್ನೂ. ಹದಿನೈದು ಕಿಲೋದ ಪೆಟ್ಟಿಗೆಯಲ್ಲಿ ಒಂದು ಹಿಡಿ ಕಡಿಮೆಯಾದರೂ ನಂದಾಳ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಮದುವೆಯಾಗಿ ಕರಜಗಿಗೆ ಬಂದ ಎಂಟು ತಿಂಗಳಲ್ಲಿ ಗಂಡ ಅವಳನ್ನು ಹೆಚ್ಚಾಗಿ ಕೇಳಿದ್ದು ಇದೊಂದೇ ಮಾತು: ಎಷ್ಟ ಆತು?

ಮಿರಜಿನ ಕಡೆ ಮಣ್ಣಿನ ಹಾದಿಯಲ್ಲಿ ನಡೆಯುವ ಹಳೆ ಕಾರುಗಳ ಓಟಕ್ಕೆ ಗುರುಸಿದ್ದ ಈ ಸಲ ಇಳಿಯುವವನಿದ್ದ. ಹೋದ ವರ್ಷ ಗೆದ್ದ ಗಾಡಿ ಐದುನೂರ ಐವತ್ತು ಕಿಲೋ ಇತ್ತಂತೆ; ತನ್ನದು ಅದಕ್ಕಿಂತ ಭಾರ ಇರಬಾರದು. ಎಂಜಿನ್ ದೊಡ್ಡದು ಮಾಡುವುದು ಗುರುಸಿದ್ದನ ಕೈಯಲ್ಲಿ ಇರಲಿಲ್ಲ. ಹಗುರ ಮಾಡುವುದು ಇತ್ತು. ಸ್ಟೆಪ್ನಿ ಹೋಯಿತು. ಹಿಂದಿನ ಸೀಟು ಹೋಯಿತು. ಬಾಗಿಲ ರೆಕ್ಸಿನ್, ಹೀಟರ್, ಡಿಕ್ಕಿಯ ಚಾಪೆ, ಕೊನೆಗೆ ಮುಂದಿನ ಎಡಗಡೆಯ ಸೀಟೂ ಹೋಗಿ ಬೇವಿನ ಮರದ ಕೆಳಗೆ ಕೂತಿತು.

ಮಧ್ಯಾಹ್ನ ಗುರುಸಿದ್ದ ಮತ್ತು ಅವನ ಗೆಳೆಯ ಅನಿಲ ಕಾರು ತೂಗಿಸಲು ಲಾರಿ ತೂಗುವ ಕಾಟಾಕ್ಕೆ ಹೋದರು. ಎಡಗಡೆ ಸೀಟಿಲ್ಲದ್ದರಿಂದ ಅನಿಲ ಬೈಕಿನ ಮೇಲೆ ಹಿಂದೆ ಹಿಂದೆ ಹೋದ. ಅತ್ತೆ ಸಿದ್ದಲಿಂಗವ್ವ ಪಡಸಾಲೆಯಲ್ಲಿ ಅಡ್ಡಾಗಿದ್ದಳು. ನಂದಾ ಅತ್ತಿತ್ತ ನೋಡಿ ಬೇವಿನ ಕೆಳಗಿನ ಸೀಟಿನಲ್ಲಿ ಕೂತಳು.

ಮದುವೆಯ ದಿನ ಇದೇ ಕಾರಿನಲ್ಲಿ ಬಂದಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆಗೂ ಗಂಡನ ಸೋದರತ್ತೆ ಹಣಮವ್ವನಿಗೂ ನಡುವೆ, ತೊಡೆಯ ಮೇಲೆ ಬುತ್ತಿಯ ಗಂಟು. ಮುಂದೆ ಅನಿಲ. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಗುರುಸಿದ್ದನ ಎಡಗಿವಿ, ಕುತ್ತಿಗೆ, ಅದರ ಮೇಲೆ ಅಂಟಿದ ಅಕ್ಷತೆಯ ಎರಡು ಕಾಳು. ಆಮೇಲೆ ಗುಡ್ಡಾಪುರದ ದಾನಮ್ಮನ ಗುಡಿಗೆ ಹೋದಾಗಲೂ ಹಾಗೇ. ಗಂಡನ ಮುಖ ಓಡುವ ಗಾಡಿಯಲ್ಲಿ ಹೇಗಿರುತ್ತದೆ, ಗೇರು ಹಾಕುವಾಗ ಅವನು ತುಟಿ ಕಚ್ಚುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಒಂದೇ ಸಲ ಪಕ್ಕದಲ್ಲಿ ಕೂತು ಹೋಗಬೇಕು. ಊರು ಯಾವುದಾದರೂ ಆಗಲಿ.

ಬಲಕ್ಕೆ ತಿರುಗಿ ನೋಡಿದಳು. ಕಟ್ಟಿಗೆಯ ಒಟ್ಟಲು ಇತ್ತು, ಕೋಳಿ ಇತ್ತು.

ಗಾಡಿಯ ಸದ್ದು ಕೇಳಿ ಥಟ್ಟನೆ ಎದ್ದಳು. ಗುರುಸಿದ್ದ ನಗುತ್ತ ಇಳಿದ. "ಐದುನೂರ ನಲವತ್ತೈದು! ಇನ್ನ ಐದು ಕೇಜಿ ಜಾಗಾ ಐತಿ. ನಂದಾ, ಆ ಸೀಟ ಎತ್ತಿ ನೋಡು. ಎಷ್ಟ ಐತಿ?"

ಎತ್ತಿದಳು. ಹತ್ತು. ಕಣ್ಣು ಮುಚ್ಚುವ ಕೆಲಸವೇ ಇರಲಿಲ್ಲ.

"ಐದು," ಅಂದಳು.

"ಐದ? ಹಂಗಾರ ಹಾಕೇಬಿಡೂಣ. ಟ್ರ್ಯಾಕಿನ್ಯಾಗ ದಾರಿ ಹೇಳಾಕ ಒಬ್ಬರು ಬೇಕ."

"ನನ್ನ ಟಿಕೀಟ ಪಕ್ಕಾ ಆತು ಬಿಡಪಾ!" ಅನಿಲ ಹೊಟ್ಟೆ ತಟ್ಟಿಕೊಂಡ. "ವೈನಿ, ನಿಮ್ಮ ಬಾಯಾಗ ಸಕ್ರಿ ಬೀಳಲಿ."

ಎದ್ದು ಕೂತಿದ್ದ ಸಿದ್ದಲಿಂಗವ್ವ ಅನಿಲನ ಕಡೆ ಬೆರಳು ಮಾಡಿ ಅಲ್ಲಿಂದಲೇ ಕೂಗಿದಳು. "ಗಾಜ ಬಿಚ್ಚಿದಿ, ಚಾಪಿ ಬಿಚ್ಚಿದಿ. ಮೊದಲ ಈ ಜ್ವಾಳದ ಚೀಲಾ ಬಿಚ್ಚಿ ಇಡೋ ಗುರುಸಿದ್ದಾ!"

"ನಾ ಏನ್ ಭಾಳ ತೂಕ ಇಲ್ಲ ಬಿಡ್ರಿ ಆಯಿ, ಎಂಬತ್ತರ ಒಳಗ ಅದೀನಿ," ಅಂದ ಅನಿಲ.

ನಂದಾ ನಗಲಿಲ್ಲ. ಸೀಟನ್ನು ಉಳಿಸುವುದೊಂದೇ ಅವಳ ತಲೆಯಲ್ಲಿತ್ತು. ಅದರಲ್ಲಿ ಯಾರು ಕೂಡುತ್ತಾರೆ ಎಂಬುದು ಹೊಳೆದಿರಲೇ ಇಲ್ಲ.

ಮರುದಿನ ಮುಂಜಾನೆ ಸೀಟು ಹಾಕಿಕೊಂಡು ಗೆಳೆಯರಿಬ್ಬರೂ ಮತ್ತೆ ಹೋಗಿ ತೂಗಿಸಿ ಬಂದರು. ಗುರುಸಿದ್ದನ ಮುಖ ಸಣ್ಣದಾಗಿತ್ತು. ಗೋಡೆಯ ಮುಂದೆ ನಿಂತು ಅಂಕಿಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ.

"ಐದುನೂರ ಐವತ್ತೈದು ತೋರಸ್ತು. ಐದು ಕೇಜಿ ಎಲ್ಲಿಂದ ಬಂತು?"

"ವೈನಿ ಕೈ ತಪ್ಪಿರಬೇಕು," ಅಂದ ಅನಿಲ.

"ಆಕಿ ಕೈ ತಪ್ಪಂಗಿಲ್ಲ. ಕಾಟಾನ ತಪ್ಪಿರಬೇಕ." ಅಷ್ಟು ಹೇಳಿ ಅವನು ಕಾರಿನೊಳಗೆ ಬಗ್ಗಿ, ತಲೆಯ ಮೇಲೆ ಅಡ್ಡ ಕೂಡಿಸಿದ್ದ ಕಬ್ಬಿಣದ ಕಂಬಿಯನ್ನು ಬೆರಳಿನಿಂದ ಬಡಿದ. ಗಾಡಿ ಪಲ್ಟಿಯಾದರೆ ತಲೆ ಕಾಯುವ ಕಂಬಿ ಅದು. "ಇದನ್ನ ಕೊಯ್ದಬಿಡತೀನಿ. ಆರೇಳು ಕೇಜಿ ಆರಾಮ ಹೋಗತೈತಿ. ಪಲ್ಟಿ ಯಾಕ ಆಗತೈತಿ? ನಾ ಏನ್ ಹೊಸಬನೇನು?"

ಕಬ್ಬಿಣ ಕೊಯ್ಯುವ ಮಷೀನಿನ ವೈರು ಬಿಚ್ಚತೊಡಗಿದ. ಅವನ ಕುತ್ತಿಗೆಯ ಮೇಲೆ ಬಿಸಿಲು ಬಿದ್ದಿತ್ತು.

"ಕಂಬಿ ಕೊಯ್ಯಬ್ಯಾಡ್ರಿ," ಅಂದಳು ನಂದಾ. "ಸೀಟ ಹತ್ತು ಕೇಜಿ ಐತ್ರಿ."

"ನಿನ್ನಿ ಐದು ಅಂದಿಯಲ್ಲ?"

"ಅಂದಿದ್ನಿರಿ. ಎತ್ತಿದಾಗ ಹತ್ತಽ ಇತ್ತು."

ಅವನು ಅವಳನ್ನು ನೋಡಿದ. ಎಂಟು ತಿಂಗಳಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. "ಮತ್ತ ಯಾಕ ಹಂಗ ಹೇಳಿದಿ?"

ನಂದಾ ಗೋಡೆಯ ಮೇಲಿನ ಅಂಕಿಗಳ ಕಡೆ ನೋಡಿದಳು. ಅನಿಲ ಮೊಬೈಲು ನೋಡುವವನಂತೆ ಆಚೆ ತಿರುಗಿದ. ಗುರುಸಿದ್ದ ಮಷೀನು ಕೆಳಗಿಟ್ಟು, ಬೋಲ್ಟು ಬಿಚ್ಚುವ ಹನ್ನೆರಡರ ಪಾನಾ ಹುಡುಕಿ, ಎಡಗಡೆಯ ಬಾಗಿಲಲ್ಲಿ ಬಗ್ಗಿದ. ಸೀಟಿಗೆ ನಾಲ್ಕು ಬೋಲ್ಟು. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಪಾನಾ ಕೂಡಿಸುತ್ತಿದ್ದ.

ನಂದಾ ಬಾಗಿಲ ಹತ್ತಿರ ಹೋಗಿ ನಿಂತಳು.

"ರೀ, ಪೂರ್ತಿ ಬಿಚ್ಚೂದಕ್ಕಿಂತ ಮೊದಲ ಒಂದ ಸಲ ನನ್ನ ಇದರಾಗ ಕುಂಡ್ರಿಸ್ಕೊಂಡು ಊರ ಮುಂದಿನ ಏರಿನ ತನಕ ಹೋಗಿ ಬರ್ರಿ."