ಮುಚ್ಚಳದ ಕಣ್ಣು

"ನಾನು ಕಸ ಅಲ್ಲ ಅಂತ ಇದಕ್ಕೆ ಹೇಗೆ ಗೊತ್ತಾಗಬೇಕು?"

ಕಸದ ತೊಟ್ಟಿಯ ಕತ್ತಲಲ್ಲಿ ಮುನಿಯಕ್ಕ ತನ್ನಷ್ಟಕ್ಕೇ ಕೇಳಿಕೊಂಡಳು. ನೆತ್ತಿಯ ಮೇಲೆ, ಮುಚ್ಚಳದ ಒಳಮೈಗೆ ಅಂಟಿದ್ದ ಸೆನ್ಸರ್ ಮಾತ್ರ ಹಸಿರಾಗಿ ಮಿನುಗುತ್ತಿತ್ತು. ಕಸ ಎಷ್ಟು ಎತ್ತರಕ್ಕೆ ಬಂತೆಂದು ಅಳೆಯುವ ಕಣ್ಣು ಅದು. ತುಂಬಿತೆಂದು ಕಂಡರೆ ಲಾರಿಗೆ ತಾನೇ ಸುದ್ದಿ ಕಳಿಸುತ್ತದೆ. ಲಾರಿ ಬಂದು, ನೆಲದೊಳಗೆ ಆಳುದ್ದ ಇಳಿಬಿಟ್ಟಿರುವ ಈ ಕಬ್ಬಿಣದ ತೊಟ್ಟಿಯನ್ನು ಇಡಿಯಾಗಿ ಎತ್ತಿ, ಕಸ ಅರೆಯುವ ತನ್ನ ಹೊಟ್ಟೆಗೆ ಸುರಿದುಕೊಳ್ಳುತ್ತದೆ.

ಅವಳು ಇದರೊಳಗೆ ಇಳಿದದ್ದು ಓಣಿಯ ಮನೆಯೊಡತಿ ಮಹಾನಂದಮ್ಮನ ಕಣ್ಣೀರು ನೋಡಲಾರದೆ. ನಗರ್ತಪೇಟೆಯ ಆ ಓಣಿಯಲ್ಲಿ ಇಪ್ಪತ್ತು ವರ್ಷ ಕಸ ಎತ್ತಿದವಳು ಮುನಿಯಕ್ಕ. ಕೈಗಾಡಿಯ ಕಾಲದಲ್ಲಿ ಎಲ್ಲವೂ ಅವಳ ಬೆರಳ ಸಂದಿಯಲ್ಲೇ ಹಾದುಹೋಗುತ್ತಿತ್ತು. ಕಳೆದ ಓಲೆ, ಉಂಗುರ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲ ಸಂಜೆಯೊಳಗೆ ಮನೆ ಸೇರುತ್ತಿದ್ದವು. ಪೂಜೆಯ ಬಾಡಿದ ಹೂವು ಪತ್ರೆಗೆ ಗಾಡಿಯಲ್ಲಿ ಬೇರೆಯೇ ಬುಟ್ಟಿ. ತೊಟ್ಟಿ ಬಂದ ಮೇಲೆ ಎಲ್ಲಕ್ಕೂ ಒಂದೇ ಬಾಯಿ; ಅದರ ಮುಚ್ಚಳದ ಬೀಗದ ಕೈಯಷ್ಟೇ ಅವಳ ಪಾಲಿಗೆ ಉಳಿದಿತ್ತು. ಇವತ್ತು ಬೆಳಿಗ್ಗೆ ಮಹಾನಂದಮ್ಮ ತಟ್ಟೆಯಲ್ಲಿದ್ದ ನಿನ್ನೆಯ ಪತ್ರೆಯನ್ನು ಕಾಗದದಲ್ಲಿ ಸುತ್ತಿ ಹಾಕಿಬಿಟ್ಟಿದ್ದರು. ಅದರಡಿ ಮಾವ ಪರಮಶಿವಯ್ಯನವರ ಇಷ್ಟಲಿಂಗವಿತ್ತು, ಅದನ್ನಿಡುವ ಬೆಳ್ಳಿಯ ಕರಡಿಗೆ ತೊಳೆಯಲೆಂದು ಮಾವನೇ ತೆಗೆದಿಟ್ಟದ್ದು. ಲಿಂಗಪೂಜೆ ಆಗದೆ ನೀರೂ ಮುಟ್ಟುವವರಲ್ಲ ಅವರು, ಎಂಬತ್ತೆರಡರ ಜೀವ.

ಮುಚ್ಚಳ ಹಿಡಿದುಕೊಂಡಿರ್ತೀನಿ ಎಂದಿದ್ದರು ಮಹಾನಂದಮ್ಮ. ಮುನಿಯಕ್ಕ ಮೂರು ಮೂಲೆ ಕೆದಕುವಷ್ಟರಲ್ಲಿ ಅವರ ಕೈ ಜಾರಿತು. ಬಿದ್ದ ಮುಚ್ಚಳ ತಾನೇ ಬೀಗ ಹಾಕಿಕೊಂಡಿತು. ಬೀಗದ ಕೈ ಮುನಿಯಕ್ಕನ ಸೊಂಟದಲ್ಲಿ, ಬೀಗದ ತೂತು ಹೊರಗೆ.

ನಿಂತವಳ ತಲೆಗೂ ಸೆನ್ಸರಿಗೂ ಒಂದು ಗೇಣು. ಹಸಿರು ಕೆಂಪಾಯಿತು.

ತಟ್ಟನೆ ಕುಕ್ಕರಿಸಿದಳು. ಕೊಳೆತ ಬಾಳೆಎಲೆಗಳ ಮೇಲೆ ಮಂಡಿಗೆ ಹಣೆ ಹಚ್ಚಿ, ಕುಗ್ಗು, ಇನ್ನೂ ಕುಗ್ಗು ಎಂದು ಮೈಗೆ ಹೇಳಿಕೊಂಡಳು. ಕೆಂಪು ಕೆಂಪಾಗಿಯೇ ಉಳಿಯಿತು. ಸುದ್ದಿ ಹೋಗಿಯಾಗಿತ್ತು. ಮೇಲೆ ಮುಚ್ಚಳ ಬಡಿಯುತ್ತಿದ್ದ ಕೈ, ಅಳು, ಎರಡೂ ನಿಂತವು. ಬಿಟ್ಟು ಹೋದರೇ? ಅಣ್ಣಮ್ಮತಾಯಿಯ ಹೆಸರು ಹಿಡಿದಳು.

ಆಮೇಲೆ ಲಾರಿ ಹಿಂದಕ್ಕೆ ಬರುವ ಪೀಂ ಪೀಂ. ಕೊಂಡಿಗೆ ಸರಪಳಿ ಸಿಕ್ಕಿಸಿದ ಸದ್ದು. ಬೀಗದ ಕೈಯಿಂದ ಕಬ್ಬಿಣ ಕುಟ್ಟಿದಳು, ಕೂಗಿದಳು. ಎಂಜಿನ್ ಎಲ್ಲವನ್ನೂ ನುಂಗಿತು. ಕಾಲಡಿಯ ತಳ ಮೇಲೆದ್ದು ವಾಲಿತು. ಕಸವೆಲ್ಲ ಜಾರಿ ಅವಳ ಎದೆಯ ಮೇಲೆ ಬಂತು.

ಅಲ್ಲಿಗೇ ನಿಂತಿತು.

ಲಾರಿ ತಡೆಯಲು ಮಹಾನಂದಮ್ಮ ಓಣಿಯ ಆ ತುದಿಗೆ ಓಡಿದ್ದರಂತೆ, ಅದು ಈ ತುದಿಯಿಂದ ಬಂದಿತ್ತಂತೆ. ತಿರುಗಿ ಓಡಿಬಂದು ಡ್ರೈವರ್ ಅಮರನ ತೋಳಿಗೇ ಜೋತುಬಿದ್ದಿದ್ದರು. ಅವನು ತನ್ನ ಬೀಗದ ಕೈಯಿಂದ ಮುಚ್ಚಳ ತೆಗೆದು, ಅವಳನ್ನು ಮೇಲಕ್ಕೆಳೆದು, ಫೋನಲ್ಲಿ ಫುಲ್ ಅಂತ ತೋರಿಸ್ತಲ್ಲಕ್ಕಾ, ಫುಲ್ ಅಂತ ತೋರಿಸ್ತಲ್ಲಾ ಎಂದು ಹೇಳಿದ್ದನ್ನೇ ಹೇಳಿದ.

ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತ ಮುನಿಯಕ್ಕ ಯಾರೋ ಕೊಟ್ಟ ನೀರಿನಿಂದ ಮುಖ ತೊಳೆದುಕೊಂಡಳು. ಹತ್ತು ನಿಮಿಷ ಕಾಯ್ತೀನಿ, ಆಮೇಲೆ ಎತ್ತಲೇಬೇಕು ಎಂದ ಅಮರ್. ಮಹಾನಂದಮ್ಮ ಅವಳ ಮುಂದೆ ಬಾಗಿದರು.

"ಇನ್ನೊಂದೇ ಮೂಲೆ ಉಳಿದಿರೋದು ಮುನಿಯಕ್ಕ. ಈ ಸಲ ಅಮರ್ ಹಿಡ್ಕೋತಾನೆ ಮುಚ್ಚಳ. ಒಂದೇ ಒಂದ್ಸಲ ಇಳಿಯಮ್ಮ, ಕೈ ಮುಗೀತೀನಿ."

ಮುನಿಯಕ್ಕ ಸೊಂಟದ ಬೀಗದ ಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.

"ಅಯ್ಯನೋರು ಉಪವಾಸ ಅಂದ್ರೆ ನನಗೂ ಅನ್ನ ಇಳಿಯಲ್ಲ. ಆದ್ರೆ ನಾನು ಇಳಿಯಲ್ಲಮ್ಮ."